ಆಪ್ಷನ್ ಎಂಟ್ರಿಯ ಮೊದಲ ಸಾಲು

ಸಿಇಟಿ ರ್‍ಯಾಂಕ್ ಪ್ರಕಟವಾಗಿ ಆಪ್ಷನ್ ಎಂಟ್ರಿಗೆ ದಿನ ಗೊತ್ತಾಯಿತೆಂದರೆ, ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಬೇರೆ ಮಾತೇ ಇರುವುದಿಲ್ಲ. ಕಾಲೇಜು ಮುಖ್ಯವೋ, ಬ್ರಾಂಚ್ ಮುಖ್ಯವೋ? ಸೋದರಮಾವ ಒಂದು ಹೇಳುತ್ತಾನೆ, ಟ್ಯೂಷನ್ ಮೇಷ್ಟ್ರು ಇನ್ನೊಂದು ಹೇಳುತ್ತಾರೆ, ಹೋದ ವರ್ಷ ಸೇರಿದ ಪಕ್ಕದ ಮನೆಯ ಹುಡುಗ ಎರಡನ್ನೂ ತಳ್ಳಿಹಾಕುತ್ತಾನೆ. ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರ್‌ಗೆ ಈ ವಾದಗಳ ಗೊಡವೆಯಿಲ್ಲ. ಅದು ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತ ಬಂದು, ರ್‍ಯಾಂಕಿಗೆ ಮೊದಲು ದಕ್ಕುವ ಸೀಟನ್ನು ಕೊಟ್ಟು ನಿಂತುಬಿಡುತ್ತದೆ. ಆಮೇಲೆ ನಾಲ್ಕು ‘ಚಾಯ್ಸ್’. ಒಂದನೆಯದು: ಒಪ್ಪಿದೆ, ಸೇರುತ್ತೇನೆ. ಎರಡು: ಇದಿರಲಿ, ಆದರೆ ಮೇಲಿನದು ಸಿಕ್ಕರೆ ಕೊಡಿ. ಮೂರು: ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕು: ನನಗೆ ಇದ್ಯಾವುದೂ ಬೇಡ.

ಹದಿನೇಳು ಹದಿನೆಂಟರ ಮಗುವಿಗೆ ಇಷ್ಟು ಸ್ಪಷ್ಟವಾಗಿ ‘ಬೇಡ’ ಎನ್ನುವ ಅವಕಾಶ ನಮ್ಮಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಅಲ್ಲೂ ಪಾಸ್‌ವರ್ಡ್ ಸಾಮಾನ್ಯವಾಗಿ ಅಪ್ಪನ ಬಳಿ ಇರುತ್ತದೆ.

ವಾದ ಗಾಳಿಯಲ್ಲಿ ತೇಲಬಾರದೆಂದು ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ಅರಕಲಗೂಡು ತಾಲ್ಲೂಕಿನ ಹಳ್ಳಿ, ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಹಾಸನದಲ್ಲಿ ವಿಜ್ಞಾನ. ಅಪ್ಪನಿಗೆ ಸ್ವಲ್ಪ ಶುಂಠಿ, ಸ್ವಲ್ಪ ಜೋಳ. ಅವಳಿಗೆ ಭೌತವಿಜ್ಞಾನ ಇಷ್ಟ. ರ್‍ಯಾಂಕ್ ತೀರ ಮೇಲೂ ಅಲ್ಲ, ಕೆಳಗೂ ಅಲ್ಲ. ಮುಂದೆ ಮೂರು ದಾರಿ ಇವೆ ಎನ್ನೋಣ: ಬೆಂಗಳೂರಿನ ಹೊರವಲಯದ ಹೊಸ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್, ಹಾಸನದಲ್ಲೇ, 1960ರಲ್ಲಿ ಶುರುವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್, ಮೈಸೂರಿನ ಯುವರಾಜ ಕಾಲೇಜಿನಲ್ಲಿ ಬಿ.ಎಸ್ಸಿ. ಮೂರನೆಯದು ಆಪ್ಷನ್ ಎಂಟ್ರಿಯ ಪಟ್ಟಿಯಲ್ಲೇ ಬರುವುದಿಲ್ಲ. ಡಿಗ್ರಿ ಕಾಲೇಜುಗಳ ದಾಖಲಾತಿ ಬೇರೆ, ಅದರ ವೇಳಾಪಟ್ಟಿಯೂ ಬೇರೆ. ಎಷ್ಟೋ ಮನೆಗಳಲ್ಲಿ ‘ಇರಲಿ’ ಎಂದು ಡಿಗ್ರಿಗೆ ಸೇರಿಸಿ, ಸಿಇಟಿ ಸೀಟು ಸಿಕ್ಕ ದಿನ ಟಿ.ಸಿ. ಕೇಳಲು ಓಡುತ್ತಾರೆ. ಬಿ.ಎಸ್ಸಿ. ಎಂಬುದು ಆಯ್ಕೆಯಾಗುವ ಮೊದಲೇ ಕಾಯುವ ಕೋಣೆಯಾಗಿಬಿಟ್ಟಿದೆ.

ಮೊದಲು ಅಪ್ಪನ ಪಕ್ಷ. ಕಂಪ್ಯೂಟರ್ ಸೈನ್ಸ್ ಎಂದು ಹಠ ಹಿಡಿಯುವ ತಂದೆತಾಯಿಯನ್ನು ದುಡ್ಡಿನ ಆಸೆಯವರೆಂದು ಚಿತ್ರಿಸುವುದು ಈಚೆಗೆ ರೂಢಿ. ಅದು ಅನ್ಯಾಯ. ಹಳ್ಳಿಯ ಹುಡುಗಿಗೆ ‘ನಿನಗೆ ಯಾರ ಪರಿಚಯವಿದೆ’ ಎಂದು ಕೇಳದೆ ಕೆಲಸ ಕೊಟ್ಟ ಕ್ಷೇತ್ರಗಳು ಎಷ್ಟಿವೆ? ಸಾಫ್ಟ್‌ವೇರ್ ಕಂಪನಿಗಳು ಕ್ಯಾಂಪಸ್ಸಿಗೆ ಬಂದು ಒಂದು ಪರೀಕ್ಷೆ, ಒಂದೆರಡು ಸಂದರ್ಶನ ಮಾಡಿ ಆಫರ್ ಲೆಟರ್ ಕೊಟ್ಟವು. ಅದೇ ಅಪ್ಪ ಸರ್ಕಾರಿ ಕೆಲಸದ ಕಡೆ ನೋಡಿದರೆ ಕಾಣುವುದು 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ 2021ರಲ್ಲಿ ನಡೆದು, ಅಕ್ರಮ ಬಯಲಾಗಿ, ಮರುವರ್ಷ ರದ್ದಾದ ಕಥೆ. ನಿಯತ್ತಾಗಿ ಓದಿ ಬರೆದವರೂ ಮತ್ತೆ ಬರೆಯಬೇಕಾಯಿತು. ಇದನ್ನು ನೋಡಿದವನು “ಮೊದಲು ಕೈಗೊಂದು ಕೆಲಸ ಆಗ್ಲಿ ಮಗ, ಆಮೇಲೆ ಏನಾದ್ರೂ ಓದ್ಕೊ” ಎಂದರೆ ಅದರಲ್ಲಿ ಲೋಕಜ್ಞಾನವಿದೆ. ಒಂದು ಸಂಬಳ ಮನೆಯ ಸಾಲ ತೀರಿಸಿ, ತಮ್ಮನನ್ನು ಓದಿಸಿ, ಅಮ್ಮನ ಆಪರೇಷನ್ ಮಾಡಿಸಿದ ಉದಾಹರಣೆ ಪ್ರತಿ ಊರಿನಲ್ಲೂ ಒಂದಾದರೂ ಇದೆ.

ಇನ್ನೊಂದು ಸಂಗತಿಯನ್ನು ನಾವು ಮರೆಯುತ್ತೇವೆ. ಸಿಇಟಿ ಶುರುವಾದದ್ದು 1994ರಲ್ಲಿ. ಆಗ ಅದನ್ನು ಬರೆದವರೇ ಈಗ ಪೋಷಕರ ಸ್ಥಾನಕ್ಕೆ ಬಂದಿದ್ದಾರೆ. ಆ ಕಾಲದಲ್ಲಿ ಒಳ್ಳೆಯ ರ್‍ಯಾಂಕ್ ಬಂದವರು ಕಣ್ಣುಮುಚ್ಚಿ ‘ಇ ಅಂಡ್ ಸಿ’ ಬರೆಯುತ್ತಿದ್ದರು. ಅದಕ್ಕೂ ಹಿಂದೆ ಲೋಕೋಪಯೋಗಿ ಇಲಾಖೆಯ ಕನಸಿನ ಸಿವಿಲ್. ಎಲೆಕ್ಟ್ರಾನಿಕ್ಸ್ ಓದಿದವರಲ್ಲಿ ಎಷ್ಟೋ ಜನ ಕೊನೆಗೆ ಕೋಡ್ ಬರೆದರು. ಆ ಅನುಭವದಿಂದ ಅವರು ತೆಗೆದ ತೀರ್ಮಾನ: ಹೇಗೂ ಅಲ್ಲಿಗೇ ಹೋಗುವುದಾದರೆ ನೇರವಾಗಿ ಹೋಗಬಾರದೇಕೆ? ಅದೇ ಅನುಭವದಿಂದ ಇನ್ನೊಂದು ತೀರ್ಮಾನವನ್ನೂ ತೆಗೆಯಬಹುದಿತ್ತು: ಬ್ರಾಂಚಿನ ಹೆಸರಿಗೂ ಮುಂದಿನ ಬದುಕಿಗೂ ನಂಟು ಅಷ್ಟು ಬಿಗಿಯಲ್ಲ. ಎರಡೂ ಸರಿಯೇ.

ಈಗ ಎದುರು ಪಕ್ಷ. 2024–25ರಿಂದ ಎಐಸಿಟಿಇ, ಚೆನ್ನಾಗಿ ನಡೆಯುತ್ತಿರುವ ಕಾಲೇಜುಗಳಿಗೆ ಒಂದು ಬ್ರಾಂಚಿನಲ್ಲಿ ಇಷ್ಟೇ ಸೀಟು ಎಂಬ ಮಿತಿಯನ್ನು ತೆಗೆದುಹಾಕಿತು. ಬೇಡಿಕೆ ಎಲ್ಲಿದೆಯೋ ಅಲ್ಲಿ ಸೀಟು ಉಬ್ಬುವ ದಾರಿ ತೆರೆಯಿತು, ಎಂದರೆ ಕಂಪ್ಯೂಟರ್ ಸೈನ್ಸ್ ಮತ್ತು ಅದರ ದಾಯಾದಿಗಳಲ್ಲಿ: ಎಐ ಅಂಡ್ ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ. (ಮೊದಲ ಒಂದೆರಡು ವರ್ಷದ ಪಾಠ ಇವುಗಳಲ್ಲಿ ಹೆಚ್ಚುಕಡಿಮೆ ಒಂದೇ. ಬೋರ್ಡಿನ ಹೊಸತನ ನೋಡಿ ಮರುಳಾಗುವ ಅಗತ್ಯವಿಲ್ಲವೆಂದು ನನ್ನ ಅಭಿಪ್ರಾಯ.) ಸೀಟು ಹೆಚ್ಚಿಸಲು ಒಂದು ಆದೇಶ ಸಾಕು, ಪಾಠ ಮಾಡುವವರನ್ನು ತಯಾರಿಸಲು ಹತ್ತು ವರ್ಷ ಬೇಕು. ಇತ್ತ ದೊಡ್ಡ ಐಟಿ ಸೇವಾ ಕಂಪನಿಗಳಲ್ಲಿ ಹೊಸಬರ ಆರಂಭದ ಸಂಬಳ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಬಹುಕಾಲದಿಂದ ಕುಳಿತಿದೆ. ಆ ಕಾಲದಲ್ಲಿ ಹಾಸ್ಟೆಲ್ ಊಟದ ಬಿಲ್ಲು ಕುಳಿತಿಲ್ಲ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ, ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೋಡಿಂಗ್ ಕೆಲಸ ಎಷ್ಟು ಉಳಿಯುತ್ತದೆಂಬ ಪ್ರಶ್ನೆ ಬೇರೆ.

ನಮ್ಮ ಹುಡುಗಿಯ ಅಪ್ಪನಿಗೆ ಇದನ್ನು ಹೊರಗಿನವರು ವಿವರಿಸಬೇಕಿಲ್ಲ. 2023ರಲ್ಲಿ ಶುಂಠಿಗೆ ಬಂದ ಬೆಲೆ ಕಂಡು ಊರಿಗೆ ಊರೇ ಮರುವರ್ಷ ಶುಂಠಿ ಹಾಕಿತು, ಬೆಲೆ ಬಿತ್ತು. ಎಲ್ಲರೂ ನೆಟ್ಟದ್ದನ್ನು ತಾನೂ ನೆಟ್ಟರೆ ಏನಾಗುತ್ತದೆಂದು ಅವನಿಗೆ ಗೊತ್ತು. ಆದರೂ ಮಗಳ ವಿಷಯದಲ್ಲಿ ಅದನ್ನೇ ಮಾಡುತ್ತಾನೆ. ಅದಕ್ಕೂ ಕಾರಣವಿದೆ: ಬೆಲೆ ಬಿದ್ದ ವರ್ಷವೂ ಕೊಳ್ಳುವವರಿರುವ ಬೆಳೆ ಅದು, ಯಾರೂ ಕೇಳದ ಬೆಳೆಗಿಂತ ವಾಸಿ.

ಎಲೆಕ್ಟ್ರಿಕಲ್ ಪರವಾದ ಮಾತು ಹಾಸನದ ಮಟ್ಟಿಗೆ ದುಡ್ಡಿನಿಂದಲೇ ಶುರುವಾಗಬೇಕು. ಹಳೆಯ ಅನುದಾನಿತ ಕಾಲೇಜುಗಳ ಅನುದಾನಿತ ಬ್ರಾಂಚುಗಳಲ್ಲಿ ಶುಲ್ಕ ಕಡಿಮೆ. ಮನೆಯಿಂದ ಓಡಾಡಬಹುದಾದರೆ ಖರ್ಚು ಇನ್ನೂ ಕಡಿಮೆ, 2023ರ ಜೂನ್‌ನಿಂದ ಹುಡುಗಿಯರಿಗೆ ಬಸ್ ಚಾರ್ಜೂ ಇಲ್ಲ. ಕರೆಂಟು ಎಂಬುದು ಹಳತಾಗುವ ವಿದ್ಯೆಯಲ್ಲ. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್ ನಿಂತಿರುವುದು, ಎಲೆಕ್ಟ್ರಿಕ್ ಸ್ಕೂಟರ್ ಓಡುತ್ತಿರುವುದು ಇದೇ ವಿದ್ಯೆಯ ಮೇಲೆ. ಕೆಪಿಟಿಸಿಎಲ್‌ನ ಸಹಾಯಕ ಎಂಜಿನಿಯರ್ ಹುದ್ದೆ, ಗೇಟ್ ಬರೆದು ಕೇಂದ್ರ ಸರ್ಕಾರದ ಉದ್ಯಮಗಳು, ಎಂ.ಟೆಕ್. ಹೀಗೆ ಬಾಗಿಲುಗಳಿವೆ. ಆದರೆ ಆ ಬಾಗಿಲುಗಳು ತೆರೆಯುವುದು ಯಾವಾಗ ಎಂದು ಯಾರೂ ಹೇಳಲಾರರು. ನೇಮಕಾತಿ ಅಧಿಸೂಚನೆ ವರ್ಷಗಟ್ಟಲೆ ಬಾರದಿರಬಹುದು. ಕ್ಯಾಂಪಸ್ಸಿಗೆ ಬರುವ ಕೋರ್ ಕಂಪನಿಗಳು ಬೆರಳೆಣಿಕೆಯಷ್ಟು. ಕೊನೆಯ ವರ್ಷ ಬಂದಾಗ ಎಲೆಕ್ಟ್ರಿಕಲ್ ಹುಡುಗರೂ ರಾತ್ರಿ ಕೂತು ಜಾವಾ, ಪೈಥಾನ್ ಕಲಿಯುವುದು ಸುಳ್ಳಲ್ಲ. ಎರಡು ವಿದ್ಯೆ ಒಟ್ಟಿಗೆ ಕಲಿತಂತಾಯಿತು ಎನ್ನುವವರಿದ್ದಾರೆ. ಎರಡೂ ಅರ್ಧಂಬರ್ಧವಾಯಿತು ಎನ್ನುವವರೂ ಇದ್ದಾರೆ.

ಬಿ.ಎಸ್ಸಿ.ಯ ಪರ ವಾದಿಸುವವರು ಸಿ.ಎನ್.ಆರ್. ರಾವ್ ಅವರ ಹೆಸರು ತರುತ್ತಾರೆ. ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಮುಗಿಸಿದಾಗ ಅವರಿಗೂ ಕೆಮಿಕಲ್ ಎಂಜಿನಿಯರಿಂಗ್ ಕಡೆ ಹೋಗುವ ಯೋಚನೆಯಿತ್ತು. ಶಿಕ್ಷಕರೊಬ್ಬರು ಮನವೊಲಿಸಿ ಬನಾರಸಿಗೆ ಎಂ.ಎಸ್ಸಿ.ಗೆ ಕಳುಹಿಸಿದರು. ಇಂದಿಗೂ ನೆರವಿಲ್ಲದಿಲ್ಲ: ಪಿಯುಸಿಯಲ್ಲಿ ತೀರ ಮೇಲಿನ ಅಂಕ ಪಡೆದು ಮೂಲವಿಜ್ಞಾನ ಓದುವವರಿಗೆ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ, ಮೇಷ್ಟ್ರಾಗುವ ಮನಸ್ಸಿದ್ದರೆ ಮೈಸೂರಿನ ಆರ್‌ಐಇಯಲ್ಲಿ ಬಿ.ಎಸ್ಸಿ.-ಬಿ.ಎಡ್. ಒಟ್ಟಿಗೇ ಇದೆ, ಬೆಂಗಳೂರಿನ ವಿಜ್ಞಾನ ಸಂಸ್ಥೆಯೇ 2011ರಿಂದ ನಾಲ್ಕು ವರ್ಷದ ಪದವಿ ನಡೆಸುತ್ತಿದೆ. ಎದುರು ವಾದಕ್ಕೂ ಅಷ್ಟೇ ಬಲವಿದೆ. ಬಿ.ಎಸ್ಸಿ., ಎಂ.ಎಸ್ಸಿ., ಅರ್ಹತಾ ಪರೀಕ್ಷೆ, ಪಿಎಚ್.ಡಿ. ಎಂದು ಹತ್ತು ವರ್ಷ ಹೋಗುತ್ತದೆ. ಅಷ್ಟಾದ ಮೇಲೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ, ಪ್ರತಿ ವರ್ಷ ಮತ್ತೆ ಅರ್ಜಿ ಹಾಕಿ, ಸೇವಾ ಭದ್ರತೆಗಾಗಿ ಧರಣಿ ಕೂರುವವರನ್ನು ಅವಳು ಟಿವಿಯಲ್ಲಿ ನೋಡಿದ್ದಾಳೆ. ಭೌತವಿಜ್ಞಾನದ ಮೇಲಿನ ಪ್ರೀತಿಗಾಗಿ ಹತ್ತು ವರ್ಷ ಕಾಯುವ ಶಕ್ತಿ ಅವಳಿಗಿರಬಹುದು. ಮನೆಗೆ ಇದೆಯೇ?

ಆ ಪ್ರೀತಿಯನ್ನೂ ಸ್ವಲ್ಪ ತಿರುವಿ ನೋಡಬೇಕು. ಹದಿನೇಳರ ವಯಸ್ಸಿನಲ್ಲಿ ‘ನನಗೆ ಫಿಸಿಕ್ಸ್ ಇಷ್ಟ’ ಎನ್ನುವುದರ ಹಿಂದೆ ಎಷ್ಟೋ ಸಲ ಒಬ್ಬ ಒಳ್ಳೆಯ ಮೇಷ್ಟ್ರು ಇರುತ್ತಾರೆ, ಇಲ್ಲವೇ ಚೆನ್ನಾಗಿ ಬಂದ ಅಂಕ ಇರುತ್ತದೆ. ಮೇಷ್ಟ್ರು ಬದಲಾದರೆ ಇಷ್ಟ ಉಳಿಯುತ್ತದೆಯೇ? ಹಿರಿಯರು ಇದನ್ನೇ ಹಿಡಿದು ನಗುತ್ತಾರೆ. ನಗುವ ಮುನ್ನ ಇನ್ನೊಂದು ಕೇಳಬೇಕು: ಮೇಷ್ಟ್ರಿಂದ ಹುಟ್ಟಿದ ಇಷ್ಟ ಸುಳ್ಳೇ? ಅಪ್ಪನಿಗೆ ಶುಂಠಿ ಬೆಳೆಯುವ ಆಸೆ ಹುಟ್ಟಿದ್ದೂ ಯಾರದೋ ಹೊಲ ನೋಡಿಯೇ ಅಲ್ಲವೇ? ಮೊದಲು ಒಲಿದು ಆಮೇಲೆ ಕಲಿಯುವವರಿದ್ದಾರೆ. ಕಲಿಯುತ್ತ, ಕೈ ಪಳಗಿದಂತೆ ಒಲಿಯುವವರೂ ಇದ್ದಾರೆ. ಎರಡನೆಯ ಬಗೆಯವರೇ ಹೆಚ್ಚೆಂದು ನನಗೆ ತೋರುತ್ತದೆ. ಅದು ನಿಜವಾದರೆ ‘ಮನಸ್ಸಿಗೆ ಹಿಡಿದದ್ದನ್ನೇ ಓದು’ ಎಂಬ ಉಪದೇಶದ ತೂಕ ಕಡಿಮೆಯಾಗುತ್ತದೆ. ಜೊತೆಗೆ ‘ಯಾವುದಾದರೇನು, ಸೇರಿಬಿಡು’ ಎಂಬುದರ ಅಪಾಯ ಹೆಚ್ಚುತ್ತದೆ. ಕೈ ಪಳಗಿಸುವವರು ಆ ಕಾಲೇಜಿನಲ್ಲಿ ಇರಬೇಕಲ್ಲ?

ಗೆದ್ದವರ ಕಥೆಗಳು ಈ ವಾದದಲ್ಲಿ ಎರಡೂ ಕಡೆ ಸಾಕ್ಷಿ ಹೇಳುತ್ತವೆ. ಗಿರೀಶ ಕಾರ್ನಾಡರು ಧಾರವಾಡದಲ್ಲಿ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ. ಅನಿಲ್ ಕುಂಬ್ಳೆ ಮೆಕ್ಯಾನಿಕಲ್ ಎಂಜಿನಿಯರ್. ಇನ್ಫೋಸಿಸ್ ಕಟ್ಟಿದ ನಾರಾಯಣಮೂರ್ತಿ ಮೈಸೂರಿನ ಎನ್‌ಐಇಯಲ್ಲಿ 1967ರಲ್ಲಿ ಮುಗಿಸಿದ್ದು ಎಲೆಕ್ಟ್ರಿಕಲ್. “ನೋಡಿದೆಯಾ, ಏನು ಓದಿದರೂ ಆಗಬೇಕಾದವರು ಆಗುತ್ತಾರೆ” ಎಂದು ಮಗಳು ಹೇಳಬಹುದು. “ನೋಡಿದೆಯಾ, ಗಟ್ಟಿಯಾದ ಒಂದು ಡಿಗ್ರಿ ಮೊದಲು ಮಾಡಿಕೊಂಡರು” ಎಂದು ಅಪ್ಪನೂ ಹೇಳಬಹುದು. ಅದೇ ತರಗತಿಗಳಲ್ಲಿ ಕೂತು, ಆಮೇಲೆ ಎಲ್ಲೂ ಹೆಸರು ಕೇಳಿಬಾರದವರನ್ನು ಯಾರೂ ಸಾಕ್ಷಿಗೆ ಕರೆಯುವುದಿಲ್ಲ. ಈ ಕಥೆಗಳಿಂದ ಯಾವ ತೀರ್ಮಾನವನ್ನೂ ತೆಗೆಯದಿರುವುದೇ ಕ್ಷೇಮ.

ಇಷ್ಟು ಹೊತ್ತು ಡಿಗ್ರಿಯ ಆಯ್ಕೆ ಎಂದು ಮಾತಾಡಿದೆವು. ನಿಜವಾದ ಆಯ್ಕೆ ಆಗಿಹೋದದ್ದು ಎರಡು ವರ್ಷ ಹಿಂದೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರದಲ್ಲಿ. ಪಿಸಿಎಂಬಿಯೋ, ಇಬಿಎಸಿಯೋ, ಎಚ್‌ಇಪಿಎಸ್ಸೋ ಎಂಬ ನಾಲ್ಕಕ್ಷರದಲ್ಲಿ ಹದಿನಾರರ ಮಗು ಅರ್ಧ ಬದುಕಿಗೆ ಸಹಿ ಹಾಕಿರುತ್ತದೆ. ವಿಜ್ಞಾನ ಓದಿದವರು ಮುಂದೆ ಬಿ.ಎ. ಸೇರಬಹುದು, ಕಾನೂನು ಓದಬಹುದು, ಬಿ.ಕಾಂ. ಮಾಡಬಹುದು. ಇತಿಹಾಸ ಓದಿದವರು ಎಂಜಿನಿಯರಿಂಗಿಗೆ ಹೋಗಲಾರರು. ಹರಿಯುವುದು ಒಂದೇ ಕಡೆಗೆ. ಈ ವ್ಯವಸ್ಥೆಯಲ್ಲಿ “ಮೊದಲು ಸೈನ್ಸ್ ತಗೊ, ಆಮೇಲೆ ನೋಡೋಣ” ಎನ್ನುವ ಸಲಹೆ ತರ್ಕಬದ್ಧವಾಗಿಯೇ ಇದೆ. ಬಾಗಿಲು ಮುಚ್ಚದಂತೆ ನೋಡಿಕೊಳ್ಳುವುದು ಯಾವ ತಂದೆತಾಯಿಗೂ ತಪ್ಪಲ್ಲ. ಅದರ ಬೆಲೆ ತೆರುವವರು ಮಾತ್ರ ಬೇರೆ. ಅರ್ಥಶಾಸ್ತ್ರದ ಕಡೆ ಮನಸ್ಸಿದ್ದ ಹುಡುಗ ಎರಡು ವರ್ಷ ಕೋಚಿಂಗ್ ಹಾಸ್ಟೆಲ್ಲಿನಲ್ಲಿ ಇಂಟಿಗ್ರೇಷನ್ ಜೊತೆ ಗುದ್ದಾಡಿ, ಅರವತ್ತು ಪರ್ಸೆಂಟು ತಂದು, ‘ನಾನು ದಡ್ಡ’ ಎಂದು ನಂಬಿಕೊಂಡು ಹೊರಬರುತ್ತಾನೆ. ಆಮೇಲೆ ಬಿ.ಎ.ಗೆ ಸೇರಿದರೆ ಅದು ಅವನ ಆಯ್ಕೆ ಎಂದು ಯಾರೂ ಹೇಳುವುದಿಲ್ಲ, ಸೋತು ಬಂದ ಎನ್ನುತ್ತಾರೆ. ತೆರೆದ ಬಾಗಿಲುಗಳ ಲೆಕ್ಕದಲ್ಲಿ ಈ ನಷ್ಟ ಎಲ್ಲೂ ಬರುವುದಿಲ್ಲ.

ಆಯ್ಕೆಯನ್ನು ಸ್ವಲ್ಪ ಮುಂದಕ್ಕೆ ಹಾಕುವ ಒಂದು ಪ್ರಯೋಗ ಕರ್ನಾಟಕದಲ್ಲೇ ನಡೆಯಿತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಎಲ್ಲ ರಾಜ್ಯಗಳಿಗಿಂತ ಮೊದಲು ಡಿಗ್ರಿ ಕಾಲೇಜುಗಳಿಗೆ ತಂದವರು ನಾವು. ಎರಡು ವಿಷಯ ಹಿಡಿದು ಶುರುಮಾಡಿ, ಮೂರನೆಯ ವರ್ಷ ಯಾವುದು ಮುಖ್ಯ ಎಂದು ತೀರ್ಮಾನಿಸಬಹುದು. ನಡುವೆ ಬಿಟ್ಟರೂ ವರ್ಷಕ್ಕೆ ತಕ್ಕ ಸರ್ಟಿಫಿಕೇಟು. ನಾಲ್ಕು ವರ್ಷ ಓದಿದರೆ ಆನರ್ಸ್. ಕಾಗದದ ಮೇಲೆ, ನಮ್ಮ ಹುಡುಗಿಯಂಥವರಿಗಾಗಿಯೇ ಬರೆದಂತಿತ್ತು. ತಾಲ್ಲೂಕು ಕಾಲೇಜಿನಲ್ಲಿ ಅದು ಬೇರೆಯಾಯಿತು. ಇರುವ ಇಬ್ಬರು ಮೂವರು ಮೇಷ್ಟ್ರು ಏನು ಹೇಳಿಕೊಡಬಲ್ಲರೋ ಅದೇ ‘ಮುಕ್ತ ಆಯ್ಕೆ’. ನಾಲ್ಕನೆಯ ವರ್ಷ ಬಡವರ ಮಕ್ಕಳಿಗೆ ಇನ್ನೊಂದು ವರ್ಷದ ಖರ್ಚು ಎಂಬ ಆಕ್ಷೇಪ ಬಂತು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ 2024–25ರಿಂದ ಮೂರು ವರ್ಷ, ಮೂರು ವಿಷಯದ ಹಳೆಯ ಪದ್ಧತಿಗೆ ಹೆಚ್ಚುಕಡಿಮೆ ಮರಳಿದೆವು. ಆ ಆಕ್ಷೇಪ ನ್ಯಾಯವಾದದ್ದು. ಆದರೆ ತಡವಾಗಿ ತೀರ್ಮಾನಿಸುವ ಹಕ್ಕು ಕೆಟ್ಟದ್ದೆಂದು ಅದರಿಂದ ಸಿದ್ಧವಾಗಲಿಲ್ಲ. ಮೇಷ್ಟ್ರಿಲ್ಲದೆ ಆ ಹಕ್ಕು ನಡೆಯದು ಎಂದಷ್ಟೇ ಸಿದ್ಧವಾಯಿತು. ನಡುವೆ ಸಿಕ್ಕಿದ ಮೂರು ಬ್ಯಾಚಿನ ಮಕ್ಕಳಿಗೆ ಮಾತ್ರ ತಮ್ಮ ಅಂಕಪಟ್ಟಿಯನ್ನು ಕಂಡಕಂಡವರಿಗೆ ವಿವರಿಸುವ ಕೆಲಸ ಉಳಿಯಿತು.

ಮಕ್ಕಳ ಮನಸ್ಸಿನಲ್ಲಿರುವ ಇನ್ನುಳಿದ ಭಯಗಳನ್ನು ದೊಡ್ಡವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಬಾಯಿ ಬರುತ್ತದೆಯೇ, ಹಾಸ್ಟೆಲ್ ರೂಮಿನ ಬೆಂಗಳೂರು ಹುಡುಗಿಯರು ನಗುತ್ತಾರೆಯೇ, ತಿಂಗಳಿಗೊಮ್ಮೆ ಊರಿಗೆ ಬರಲು ಬಿಡುತ್ತಾರೆಯೇ. ಬ್ರಾಂಚ್ ಯಾವುದೆಂಬುದಕ್ಕಿಂತ ಮೊದಲ ಸೆಮಿಸ್ಟರ್ ದಾಟುವುದು ಹೇಗೆಂಬ ಚಿಂತೆ ಅವರಿಗೆ ಹೆಚ್ಚು. ಆದರೆ ಅಂಥ ಭಯಗಳನ್ನೇ ಹೊತ್ತುಕೊಂಡು ಬೆಂಗಳೂರಿಗೆ ಹೋಗಿ, ಮೂರನೆಯ ಸೆಮಿಸ್ಟರ್ ಹೊತ್ತಿಗೆ ಎದೆಯೆತ್ತಿ ನಡೆಯುವ ಹಳ್ಳಿ ಹುಡುಗಿಯರೂ ಕಣ್ಣೆದುರಿಗೇ ಇದ್ದಾರೆ. ಮನೆ ಹತ್ತಿರವಿದ್ದರೆ ಧೈರ್ಯ, ದೂರ ಹೋದರೆ ಬೆಳವಣಿಗೆ. ಯಾವುದು ಯಾರಿಗೆ ಎಂಬುದನ್ನು ಹೊರಗಿನವರು ಹೇಳಲಾರರು.

ನನ್ನ ತಕ್ಕಡಿ ವಾಲುವುದು ಒಂದು ಜಾಗದಲ್ಲಿ. ಯಾವ ಬ್ರಾಂಚ್ ಶ್ರೇಷ್ಠ ಎಂಬುದಕ್ಕಿಂತ, ಎರಡು ವರ್ಷದ ಮೇಲೆ ಮನಸ್ಸು ಬದಲಾದರೆ ಅದಕ್ಕೆ ಎಷ್ಟು ತೆರಬೇಕು ಎಂಬುದನ್ನು ಮೊದಲು ಕೇಳಬೇಕು. ಸರ್ಕಾರಿ ಕೋಟಾದಲ್ಲಿ, ಕಡಿಮೆ ಶುಲ್ಕಕ್ಕೆ ಸಿಕ್ಕ ಕಂಪ್ಯೂಟರ್ ಸೈನ್ಸ್ ಸೀಟು ಬೇಡವೆನ್ನಲು ದೊಡ್ಡ ಕಾರಣ ಬೇಕು, ಹಿಡಿಸದಿದ್ದರೆ ದಾಟಿಹೋಗಬಹುದು. ಅದೇ ಬ್ರಾಂಚನ್ನು ಮ್ಯಾನೇಜ್‌ಮೆಂಟ್ ಕೋಟಾದಲ್ಲಿ, ತೋಟ ಅಡವಿಟ್ಟು ಕೊಂಡರೆ ಮಗಳು ನಾಲ್ಕು ವರ್ಷ ‘ನನಗಿದು ಆಗುತ್ತಿಲ್ಲ’ ಎಂದು ಬಾಯಿಬಿಡಲಾರಳು. ಇಷ್ಟಪಟ್ಟ ವಿಷಯಕ್ಕೂ ಇದೇ ಮಾತು: ಸಾಲ ಮಾಡಿ ಸೇರಿದ ಖಾಸಗಿ ವಿಶ್ವವಿದ್ಯಾಲಯದ ಸೈಕಾಲಜಿ ಡಿಗ್ರಿಯೂ ಅಷ್ಟೇ ಬಿಗಿಯಾದ ಕಟ್ಟು. ಈ ಅಳತೆಗೋಲಿಗೂ ಒಂದು ದೋಷವಿದೆ, ಹೇಳಿಬಿಡುತ್ತೇನೆ. ಮನಸ್ಸು ಬದಲಾಯಿಸಲು ಸದಾ ಜಾಗ ಇಟ್ಟುಕೊಂಡವರು ಕೆಲವೊಮ್ಮೆ ಯಾವುದರಲ್ಲೂ ಆಳಕ್ಕೆ ಇಳಿಯುವುದಿಲ್ಲ. ಬೇರೆ ದಾರಿಯಿಲ್ಲವೆಂದೇ ಹಲ್ಲುಕಚ್ಚಿ ಓದಿ ಗೆದ್ದವರು ನಮ್ಮ ಸುತ್ತ ಬೇಕಾದಷ್ಟಿದ್ದಾರೆ.

ಹಾಗಾಗಿ ಈ ಹುಡುಗಿಯ ಪಟ್ಟಿಯನ್ನು ನಾನು ಬರೆಯುವುದಾದರೆ ಮೊದಲ ಸಾಲಿಗೆ ಹಾಸನದ ಎಲೆಕ್ಟ್ರಿಕಲ್ ಹಾಕುತ್ತೇನೆ. ಭೌತವಿಜ್ಞಾನಕ್ಕೆ ಹತ್ತಿರ, ಖರ್ಚು ಕಡಿಮೆ, ಪಾಠ ಮಾಡುವವರು ಹಳಬರು. ಸೀಟು ಖಾಲಿಯಿದ್ದು ಅಂಕ ಬಂದರೆ ಎರಡನೆಯ ವರ್ಷಕ್ಕೆ ಬ್ರಾಂಚ್ ಬದಲಾಯಿಸುವ ಅವಕಾಶವೂ ಇದೆ. ಬೆಂಗಳೂರಿನ ಕಂಪ್ಯೂಟರ್ ಸೈನ್ಸ್ ಎರಡನೆಯದು, ಅದೂ ಅಪ್ಪ ಮಗಳು ಒಮ್ಮೆ ಅಲ್ಲಿಗೆ ಹೋಗಿ, ಗೇಟಿನ ಹೊರಗಿನ ಟೀ ಅಂಗಡಿಯಲ್ಲಿ ಕೊನೆಯ ವರ್ಷದವರನ್ನು ಮಾತಾಡಿಸಿದ ಮೇಲೆ: ಪಾಠ ಮಾಡುವ ಎಷ್ಟು ಜನ ಎರಡು ವರ್ಷಕ್ಕಿಂತ ಹೆಚ್ಚು ನಿಂತಿದ್ದಾರೆ, ಲ್ಯಾಬಿನ ಬೀಗ ಎಷ್ಟು ಹೊತ್ತಿಗೆ ಬೀಳುತ್ತದೆ, ಪ್ಲೇಸ್‌ಮೆಂಟ್ ಬೋರ್ಡಿನ ಫೋಟೋಗಳು ಯಾವ ವರ್ಷದವು. ಮೈಸೂರಿನ ಬಿ.ಎಸ್ಸಿ. ಅರ್ಜಿ ಹೇಗೂ ಬೇರೆ. ಅದನ್ನು ಸುಮ್ಮನೆ ಕಾಯಲು ಅಲ್ಲದೆ ನಿಜವಾಗಿಯೇ ಹಾಕಬೇಕು. ಅಪ್ಪ ಒಂದನ್ನೂ ಎರಡನ್ನೂ ಅದಲುಬದಲು ಮಾಡಬಹುದು. ಅವನ ಕಾರಣಗಳು ನನ್ನವಕ್ಕಿಂತ ಹಗುರವಲ್ಲ, ಮಗಳ ಸಂಬಳ ಬರುವವರೆಗೆ ಮನೆ ನಡೆಸಬೇಕಾದವನು ಅವನು. ಅಣಕು ಹಂಚಿಕೆಯ ಫಲಿತಾಂಶ ಬಂದ ಮೇಲೂ ಕ್ರಮ ಬದಲಾಯಿಸಲು ಒಂದೆರಡು ದಿನ ಸಿಗುತ್ತದೆ.